ಅಂಗಡಿಗೆ ದಪ್ಪ, ದುಂಡು ಕನ್ನಡ ಅಕ್ಷರ: ಬಳಸಿದವರು ಅನುಭವ ಹೇಳಿ

ಕೇಳಿದವರು, ತೀರ್ಥಹಳ್ಳಿ

ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇವೆ. ಈಗ ಪೇಟೆಯಲ್ಲಿ ಚಿಕ್ಕ ಅಂಗಡಿ ಇಡುತ್ತಿದ್ದೇವೆ. ಬೋರ್ಡಿಗೂ ಲೇಬಲ್ಲಿಗೂ ದಪ್ಪಗೆ, ದುಂಡಗೆ ಇರುವ ಅಕ್ಷರ ಬೇಕು ಅಂತ ಆಸೆ. ಡಿಟಿಪಿಯವರು 'ಬಾಲೂ ತಮ್ಮ' ಅನ್ನುವ ಫಾಂಟ್ ತೋರಿಸಿದರು, ತುಂಬಾ ಇಷ್ಟವಾಯಿತು. ಆದರೆ ಬಾಟಲಿ ಲೇಬಲ್ಲಿನಲ್ಲಿ ಎಲ್ಲಾ ಮೆತ್ತಿಕೊಂಡ ಹಾಗೆ ಕಾಣುತ್ತದೆ. ಏನು ಮಾಡಬೇಕು?

ಡಿಟಿಪಿ ಕೆಲಸದವರು, ಶಿವಮೊಗ್ಗ ದುರ್ಗಿಗುಡಿ

ಫಾಂಟ್ ಚೆನ್ನಾಗಿಯೇ ಆರಿಸಿದ್ದೀರಿ, ಬಿಡಬೇಡಿ. ಬಾಲೂ ಮುಂಬೈನ ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರದ್ದು. ದೇವನಾಗರಿಗೆ ಬಾಲೂ, ತಮಿಳಿಗೆ ಬಾಲೂ ತಂಬಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ನಮಗೆ ಬಾಲೂ ತಮ್ಮ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಅಂಗಡಿಗೆ, ಪ್ಯಾಕೆಟ್ಟಿಗೆ ಹಾಕಲು ದುಡ್ಡು ಕೊಡಬೇಕಿಲ್ಲ. ಮೊದಲು ಬಂದದ್ದರಲ್ಲಿ ಒಂದೇ ದಪ್ಪ ಇತ್ತು. ಬಾಲೂ ತಮ್ಮ 2 ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್ ತನಕ 5 ದಪ್ಪಗಳಿವೆ. ನಿಮಗೆ ಯಾವುದು ಹಾಕಿದ್ದಾರೆ ಅಂತ ಮೊದಲು ಕೇಳಿ.

ಮೆತ್ತಿಕೊಳ್ಳಲು ಕಾರಣ ಇದೆ. ಕನ್ನಡದ ಗೆರೆ ಮೊದಲೇ ಸುತ್ತಿಕೊಂಡು ಹೋಗುತ್ತದೆ, ಒಳಗೆ ಸ್ವಲ್ಪವೇ ಜಾಗ. ಗೆರೆ ದಪ್ಪ ಮಾಡಿದಷ್ಟೂ ಆ ಜಾಗ ಕರಗುತ್ತದೆ. ಒಳ್ಳೆಯ ಫಾಂಟ್ ಮಾಡುವವರು ಎಲ್ಲ ಗೆರೆಯನ್ನೂ ಒಂದೇ ಸಮ ದಪ್ಪ ಮಾಡುವುದಿಲ್ಲ. ಗೆರೆ ಗೆರೆ ಸೇರುವ ಕಡೆ ಸಣ್ಣಗೆ ಮಾಡುತ್ತಾರೆ, ಒತ್ತಕ್ಷರವನ್ನು ಇನ್ನೂ ಸ್ವಲ್ಪ ತೆಳ್ಳಗೆ ಬರೆಯುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ ಅಕ್ಷರದ ಮೇಲೆ ನಾವು ಸಾಫ್ಟ್‌ವೇರಿನ ಬಿ ಬಟನ್ ಒತ್ತಿ ಮತ್ತೆ ದಪ್ಪ ಮಾಡಿದರೆ ಅದೆಲ್ಲಾ ಹಾಳು. ಔಟ್‌ಲೈನ್ ಕೊಡುವುದೂ ಅಷ್ಟೇ.

ನಿಮ್ಮ ಲೇಬಲ್ಲಿನ 'ಅಪ್ಪೆಮಿಡಿ'ಯನ್ನೇ ನೋಡಿ. 'ಪ್ಪೆ'ಯಲ್ಲಿ ಮೇಲೆ ಎತ್ವ, ನಡುವೆ ಪ, ಕೆಳಗೆ ಪ ಒತ್ತು. 'ಮಿ', 'ಡಿ' ಎರಡಕ್ಕೂ ತಲೆ ಮೇಲೆ ಗುಡಿಸು. ಸಣ್ಣ ಲೇಬಲ್ಲಿನಲ್ಲಿ ಮೊದಲು ಮುಚ್ಚಿಹೋಗುವುದು ಈ ಗುಡಿಸಿನ ಸುತ್ತು. ಆಗ 'ಮಿ' ಯಾವುದು, 'ಮ' ಯಾವುದು ಗೊತ್ತಾಗುವುದಿಲ್ಲ. ಮಹಾಪ್ರಾಣದ ಕಥೆಯೂ ಅದೇ. ಧ, ಭ, ಫ ಅಕ್ಷರಗಳ ಬುಡದ ಸೀಳು ಇಂಕಿನಲ್ಲಿ ತುಂಬಿಕೊಂಡರೆ 'ಮಧು' ಹೋಗಿ 'ಮದು' ಆಗುತ್ತದೆ. ಜೇನು ಮಾರುವವರೊಬ್ಬರ ಲೇಬಲ್ಲಿನಲ್ಲಿ ಹೀಗೇ ಆಗಿತ್ತು. ಸೆಮಿ ಬೋಲ್ಡಿಗೆ ಇಳಿಸಿದ ಮೇಲೆ ಸರಿಹೋಯಿತು.

ಹಾಗಾಗಿ ಹೆಸರು ಮಾತ್ರ ಬಾಲೂ ತಮ್ಮದಲ್ಲಿ ಇರಲಿ, ಲೇಬಲ್ಲಿಗೆ ಮೀಡಿಯಂ ಅಥವಾ ಸೆಮಿ ಬೋಲ್ಡ್. ಸಾಮಾನು ಪಟ್ಟಿ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ಕೊಡುವ 14 ಅಂಕಿ ನಂಬರ್, ಇವೆಲ್ಲಾ ನೋಟೋ ಸಾನ್ಸ್ ಕನ್ನಡದಂಥ ಸಾದಾ ಫಾಂಟಿನಲ್ಲಿ. ಪ್ರಿಂಟಿಗೆ ಕೊಡುವ ಮೊದಲು ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ, ಬಾಟಲಿಗೆ ಸುತ್ತಿ, ಮನೆಯ ಹಿರಿಯರಿಗೆ ಓದೋಕೆ ಕೊಡಿ. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಚೆಂದವೇ ಕಾಣುತ್ತದೆ.

ಬೋರ್ಡ್ ಮಾಡುವವರು, ಸಾಗರ

ಬೋರ್ಡಿಗೆ ಈ ಥರದ ಅಕ್ಷರ ನಮ್ಮ ಕಡೆ ತುಂಬಾ ಒಳ್ಳೆಯದು. ಸ್ಟಿಕ್ಕರ್ ಕಟಿಂಗಿನಲ್ಲಿ ಚೂಪು ಮೂಲೆಯೇ ಮೊದಲು ಏಳುವುದು. ಮಳೆಗಾಲ ಪೂರ್ತಿ ನೆನೆದರೆ ಕೇಳುವುದೇ ಬೇಡ. ದುಂಡು ತುದಿ ಜಾಸ್ತಿ ದಿನ ಹಿಡಿದುಕೊಳ್ಳುತ್ತದೆ. ಅಕ್ರಿಲಿಕ್ ಕೊರೆಯುವ ರೌಟರ್ ಬಿಟ್ ಕೂಡ ಉರುಟು, ಒಳಮೂಲೆ ತಾನಾಗಿಯೇ ದುಂಡಗೆ ಬರುತ್ತದೆ.

ಎರಡು ವಿಷಯ ಮರೆಯಬೇಡಿ. ಒಂದು, ಎತ್ತರ. 2 ಅಡಿ ಬೋರ್ಡಿನಲ್ಲಿ 'ಹಪ್ಪಳ' ಅಂತ ಬರೆದರೆ ಒತ್ತಿಗೂ ಜಾಗ ಬೇಕಲ್ವಾ? ಅಕ್ಷರದ ಮೈಗೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ. ಆರ್ಡರ್ ಕೊಡುವಾಗ ಒತ್ತು ಬಿಟ್ಟು ಅಕ್ಷರ ಎಷ್ಟು ಇಂಚು ಅಂತ ಕೇಳಿ. ಉದ್ದ ಸಾಲದಿದ್ದರೆ ಅಕ್ಷರವನ್ನು ಪಕ್ಕದಿಂದ ಒತ್ತಿ ಕಿರಿದು ಮಾಡಿಸಬೇಡಿ, ದುಂಡು ಹೋಗಿ ಮೊಟ್ಟೆಯಾಗುತ್ತದೆ. ಅದಕ್ಕೆ ಅನೇಕ್ ಕನ್ನಡ ಅನ್ನುವ ಫಾಂಟ್ ಇದೆ, ಅಗಲ ಕಿರಿದು ಅದರಲ್ಲೇ ಬರುತ್ತದೆ. ತುದಿ ಇಷ್ಟು ದುಂಡಗಿಲ್ಲ ಅಷ್ಟೇ.

ಇನ್ನೊಂದು, ಉಬ್ಬು ಅಕ್ಷರ ಮಾಡಿಸುವುದಾದರೆ ಒತ್ತು ಬೇರೆ ತುಂಡಾಗಿ ಬರಬಹುದು. ಗಾಳಿಮಳೆಗೆ ಅದು ಬಿದ್ದರೆ 'ಹಪ್ಪಳ' 'ಹಪಳ' ಆಗಿ ನಿಲ್ಲುತ್ತದೆ. ಹಿಂದೆ ಒಂದೇ ಶೀಟ್ ಕೊಟ್ಟು ಅಕ್ಷರ, ಒತ್ತು ಎರಡನ್ನೂ ಅದರ ಮೇಲೆ ಕೂರಿಸಿ.

ಕೇಳಿದವರು, ತೀರ್ಥಹಳ್ಳಿ

ಇಬ್ಬರಿಗೂ ಧನ್ಯವಾದ. ಹೆಸರನ್ನು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಕೆಳಗೆ ಇಂಗ್ಲಿಷ್ ಕೂಡ ಬೇಕು ಅಂತ ಮನೆಯವರು ಹೇಳುತ್ತಿದ್ದಾರೆ.

ಡಿಟಿಪಿ ಕೆಲಸದವರು, ಶಿವಮೊಗ್ಗ ದುರ್ಗಿಗುಡಿ

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಸುಮ್ನೆ ಫಾಂಟ್ ಬದಲಿಸಿದರೆ ಕಸ ಬರುತ್ತದೆ. ಯುನಿಕೋಡಿಗೆ ಕನ್ವರ್ಟ್ ಮಾಡಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ. ಫೋಟೋಶಾಪಿನಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಿಸಿ. ಕೊನೆಯ ಫೈಲನ್ನು ಕರ್ವ್ಸ್ ಮಾಡಿಯೇ (ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ) ಸಾಗರದ ಬೋರ್ಡಿನವರಿಗೆ ಕಳಿಸಿ, ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ತೊಂದರೆ ಆಗುವುದಿಲ್ಲ.

ಇಂಗ್ಲಿಷ್ ಅಕ್ಷರ ಬಾಲೂ ತಮ್ಮದಲ್ಲೇ ಇದೆ, ಕನ್ನಡಕ್ಕೆ ಚೆನ್ನಾಗಿ ಹೊಂದುತ್ತದೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷನ್ನು ಕೆಳಗೆ, ಒಂದು ದಪ್ಪ ಕಮ್ಮಿ ಮಾಡಿ, ಸಣ್ಣದಾಗಿ ಹಾಕಿಸಿ. ಪ ಒತ್ತಿಗೆ ತಾಗದಷ್ಟು ಕೆಳಗೆ ಇರಲಿ.