ಹಳೇ ಸಿನಿಮಾನ ಟಿವಿಯಲ್ಲಿ ಮತ್ತೆ ಮಾಡಬೇಕಿತ್ತಾ? ನಮ್ಮ ದಾವಣಗೆರೆ ಲಾ ಬ್ಯಾಚ್ ಗುಂಪಿನಲ್ಲಿ

ಮಂಜುನಾಥ: ರಾತ್ರಿ ನಿದ್ದೆ ಬರಲಿಲ್ಲ. ‘ಟ್ವೆಲ್ವ್ ಆಂಗ್ರಿ ಮೆನ್’ನ 1997ರ ಟಿವಿ ರೀಮೇಕ್ ಪೂರ್ತಿ ನೋಡಿದೆ. ಲಿಂಕ್ ಹಾಕಿದ್ದೇನೆ, ಎಲ್ಲರೂ ನೋಡಿ.

ಬಸವರಾಜ: ಯಾಕಪ್ಪಾ ಅದು? 1957ರ ಸಿಡ್ನಿ ಲ್ಯುಮೆಟ್ ಸಿನಿಮಾ ಇದೆಯಲ್ಲ. ಕೊಲೆ ಆರೋಪ ಹೊತ್ತ ಹುಡುಗ, ಅವನು ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸೋ ಹನ್ನೆರಡು ಜನರ ಜ್ಯೂರಿ, ಒಂದೇ ಕೋಣೆ. ಮೊದಲು ಕ್ಯಾಮೆರಾ ಅವರ ಕಣ್ಣಿಗಿಂತ ಮೇಲಿರುತ್ತದೆ, ಬರ್ತಾ ಬರ್ತಾ ಕೆಳಗಿಳಿಯುತ್ತದೆ. ಕೊನೆಗೆ ಸೂರು ಕಾಣುತ್ತದೆ, ಗೋಡೆ ಮೈಮೇಲೆ ಬಂದಂಗೆ ಆಗುತ್ತದೆ. ಅದರಲ್ಲಿ ಏನು ಕಮ್ಮಿ ಇತ್ತು?

ರೇಖಾ: ಬಸಣ್ಣ, ಸಿನಿಮಾನೇ ಮೂಲ ಅಲ್ಲ. ರೆಜಿನಾಲ್ಡ್ ರೋಸ್ ಇದನ್ನು ಬರೆದದ್ದೇ ಟಿವಿಗೆ. 1954ರಲ್ಲಿ ಅಮೆರಿಕದ ಟಿವಿ ಚಾನೆಲ್ ಸಿಬಿಎಸ್‌ನಲ್ಲಿ ಲೈವ್ ಆಗಿ ಬಂತು. 1997ರದ್ದನ್ನೂ ಅವರೇ ಬರೆದರು. ಕಥೆ ತವರಿಗೆ ಬಂತು ಅಷ್ಟೇ.

ಬಸವರಾಜ: ಇರಬಹುದು. ಆದರೆ ಮೊದಲು ಒಬ್ಬನೇ ಅನುಮಾನ ಎತ್ತೋ ಜ್ಯೂರರ್, ಹೆನ್ರಿ ಫೊಂಡಾ, ಮೇಜಿಗೆ ಚಾಕು ಚುಚ್ಚೋದು ನೆನಪು ಮಾಡ್ಕೋ. ಕೊಲೆಗೆ ಬಳಸಿದಂಥ ಚಾಕು ಬೇರೆಲ್ಲೂ ಸಿಗಲ್ಲ ಅಂತ ವಾದ ನಡೆದಿರುತ್ತದೆ. ಇವನು ಹುಡುಗನ ಮನೆ ಹತ್ತಿರದ ಅಂಗಡಿಯಲ್ಲೇ ಆರು ಡಾಲರ್‌ಗೆ ಅಂಥದ್ದೇ ಕೊಂಡು ತಂದಿರುತ್ತಾನೆ. ಪಾಟೀಸವಾಲಿಗೆ ನಿಂತಾಗಲೆಲ್ಲ ನನಗೆ ಆ ಚಾಕು ಕಣ್ಮುಂದೆ ಬರುತ್ತದೆ.

ಮಂಜುನಾಥ: ಚಾಕು ಇದರಲ್ಲೂ ಇದೆ. ನಾನು ಹೇಳೋದು ಹತ್ತನೇ ಜ್ಯೂರರ್ ಬಗ್ಗೆ. ಹಳೇದರಲ್ಲಿ ಹನ್ನೆರಡೂ ಜನ ಬಿಳಿಯರು. ‘ಆ ಜನಾನೇ ಹಂಗೆ’ ಅಂತ ಅವನು ಕೂಗಾಡುತ್ತಾನೆ, ಒಬ್ಬೊಬ್ಬರೇ ಎದ್ದು ಬೆನ್ನು ತಿರುಗಿಸುತ್ತಾರೆ. 1997ರಲ್ಲಿ ನಾಲ್ವರು ಕಪ್ಪು ಜನಾಂಗದವರಿದ್ದಾರೆ. ಕೂಗಾಡೋನೂ ಅವರಲ್ಲೊಬ್ಬ, ಮೈಕೆಲ್ಟಿ ವಿಲಿಯಮ್ಸನ್. ಬೈಯೋದು ಲ್ಯಾಟಿನೋ ಜನರನ್ನು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರನ್ನು. ಇಂಥ ಮಾತು ಕೇಳಿಸಿಕೊಂಡೇ ಬೆಳೆದವನ ಬಾಯಲ್ಲಿ ಅದೇ ಮಾತು! ಮೈ ಜುಂ ಅಂದಿತು. ನಮ್ಮ ಕೋರ್ಟ್ ವರಾಂಡದಲ್ಲಿ ಇದನ್ನು ಕೇಳಿಲ್ವಾ? ಕಕ್ಷಿದಾರ ತನ್ನ ಕೇರಿಗೆ ಯಾರೋ ಏನೋ ಅಂದರು ಅಂತ ಕಣ್ಣೀರು ಹಾಕುತ್ತಾನೆ. ಕಣ್ಣೊರೆಸಿಕೊಂಡು ಪಕ್ಕದ ಕೇರಿಯವರೆಲ್ಲ ಕಳ್ಳರು ಅನ್ನುತ್ತಾನೆ. ಹಳೇ ಸಿನಿಮಾದ ಕೋಣೆಯಲ್ಲಿ ಇದನ್ನು ತೋರಿಸೋಕೆ ಜನವೇ ಇರಲಿಲ್ಲ ಬಸಣ್ಣ.

ಬಸವರಾಜ: ಈ ಮಾತು ಒಪ್ಪಿದೆ. ಆದರೆ ಫೊಂಡಾ ಜಾಗದಲ್ಲಿ ಜಾಕ್ ಲೆಮನ್? ವಯಸ್ಸು ಜಾಸ್ತಿ ಆಯ್ತು.

ನಾಗರಾಜ: 72. ಆ ಸುಸ್ತೇ ಚೆನ್ನಾಗಿದೆ ಕಣೋ. 1998ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಗೆದ್ದ ನಟ ವಿಂಗ್ ರೇಮ್ಸ್, ಲೆಮನ್ ಅವರನ್ನು ವೇದಿಕೆಗೆ ಕರೆದು ಪ್ರಶಸ್ತೀನ ಅವರ ಕೈಗೇ ಕೊಟ್ಟ. ಲೆಮನ್ ಹೆಸರು ಸ್ಪರ್ಧೆಯಲ್ಲಿ ಇದ್ದದ್ದು ಇದೇ ಪಾತ್ರಕ್ಕೆ.

ರೇಖಾ: ನನ್ನ ಸಿಟ್ಟು ಬೇರೆ. 1997ರದ್ದರಲ್ಲಿ ಜಡ್ಜ್ ಹೆಂಗಸು, ಜ್ಯೂರಿಯಲ್ಲಿ ಒಬ್ಬಳೂ ಇಲ್ಲ. ಹೆಂಗಸು ಅನ್ನೋ ಕಾರಣಕ್ಕೆ ಜ್ಯೂರಿಯಿಂದ ಕೈಬಿಡಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿತ್ತು. ಅಷ್ಟೆಲ್ಲ ಬದಲಾಯಿಸಿದವರು ಇದೊಂದನ್ನು ಯಾಕೆ ಬಿಟ್ಟರು? ಕೊಲೆ ಕಣ್ಣಾರೆ ಕಂಡೆ ಅಂದ ಸಾಕ್ಷಿ ಹೆಂಗಸಿನ ಮೂಗಿನ ಮೇಲೆ ಕನ್ನಡಕದ ಗುರುತಿತ್ತು ಅನ್ನೋದು ಜ್ಯೂರಿಯ ಮುದುಕನಿಗೆ ಹೊಳೆಯೋದು ಕಡೇಲಿ. ಅಲ್ಲೊಬ್ಬಳು ಕನ್ನಡಕದ ಹೆಂಗಸು ಕೂತಿದ್ದರೆ ಮೊದಲೇ ಹೇಳಿರುತ್ತಿದ್ದಳು.

ಮಂಜುನಾಥ: ರೇಖಾ, ಇದು ನನಗೆ ಹೊಳೆದೇ ಇರಲಿಲ್ಲ.

ಬಸವರಾಜ: ಭಾನುವಾರ ನಮ್ಮ ಮನೆಗೆ ಬನ್ನಿ. ಮೊದಲು ಹಳೇದು, ಆಮೇಲೆ ಇದು. ಮಂಡಕ್ಕಿ, ಮೆಣಸಿನಕಾಯಿ ನಂದು.

ಮಂಜುನಾಥ: ಬರ್ತೀನಿ. ಹತ್ತನೇ ಜ್ಯೂರರ್ ಮಾತಾಡುವಾಗ ಮಾತ್ರ ಯಾರೂ ಫೋನ್ ಮುಟ್ಟಬಾರದು.