ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಕರಕರ ಸದ್ದು: ಗೇರ್ ಬಾಕ್ಸ್ ಬಿಚ್ಚಿಸಲೇಬೇಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವ

ಮಾನ್ಯರೇ, ನಮ್ಮದು 80,000 ಕಿ.ಮೀ. ಓಡಿದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪೆಟ್ರೋಲ್ ಕಾರು. ತಾಯಿಯವರನ್ನು ವೈದ್ಯರಿಗೆ ತೋರಿಸಲು ತಿಂಗಳಿಗೊಮ್ಮೆ ಉಡುಪಿಗೆ ಹೋಗಿಬರುತ್ತೇನೆ. ಇಳಿಯುವಾಗ ಅಷ್ಟು ತೊಂದರೆಯಿಲ್ಲ. ಹಿಂದಿರುಗುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಏರು ಹಿಡಿದ ಮೇಲೆ, ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಹಾಕಹೋದರೆ ಹಲ್ಲು ಕಡಿದಂತೆ ಸದ್ದು ಬರುತ್ತದೆ. ಒಮ್ಮೊಮ್ಮೆ ಗೇರು ಬೀಳುವುದೇ ಇಲ್ಲ. 14 ತಿರುವುಗಳಲ್ಲಿ ಎರಡು ಮೂರು ಕಡೆಯಾದರೂ ಹೀಗಾಗಿ, ಹಿಂದಿನ ವಾಹನದವರು ಹಾರನ್ ಹೊಡೆಯುವಾಗ ಕೈಕಾಲು ನಡುಗುತ್ತವೆ. ಮನೆಯಂಗಳದಲ್ಲಿ ರಿವರ್ಸ್ ಹಾಕುವಾಗಲೂ ಇದೇ ಸದ್ದು. ತೋರಿಸಿದ ಒಂದು ಗ್ಯಾರೇಜಿನಲ್ಲಿ, ಓಡಿಸಿಯೂ ನೋಡದೆ, ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕು ಎಂದರು. ಅದಕ್ಕೆ ಒಪ್ಪುವ ಮುನ್ನ ನಾನೇ ಪರೀಕ್ಷಿಸಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಶಿವಮೊಗ್ಗದ ಗ್ಯಾರೇಜಿನವ

ಬಿಚ್ಚಿಸುವ ಮಾತು ಆಮೇಲೆ. ಸದ್ದು ಒಂದೇ ಆದರೂ ಅದಕ್ಕೆ ಕಾರಣ ಎರಡಿರಬಹುದು: ಕ್ಲಚ್ ಪೂರ್ತಿ ಬಿಡದೇ ಇರುವುದು (ಅಂದರೆ ಪೆಡಲ್ ಒತ್ತಿದರೂ ಎಂಜಿನ್ನಿನಿಂದ ಗೇರ್ ಬಾಕ್ಸ್ ಪೂರ್ತಿ ಬೇರೆಯಾಗದಿರುವುದು), ಇಲ್ಲವೇ ಗೇರ್ ಬಾಕ್ಸಿನೊಳಗಿನ ಸಿಂಕ್ರೋ ರಿಂಗ್, ಅಂದರೆ ಗೇರು ಬೀಳುವ ಮುನ್ನ ಭಾಗಗಳ ವೇಗ ಹೊಂದಿಸುವ ಬಳೆ, ಸವೆದಿರುವುದು. ಮೊದಲನೆಯದು ಹೆಚ್ಚಿನ ಸಂದರ್ಭಗಳಲ್ಲಿ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಗೇರ್ ಬಾಕ್ಸ್ ಇಳಿಸದೆ ಗತಿಯಿಲ್ಲ.

ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದು ಸುತ್ತು ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನಿಂದ ಬಾಕ್ಸಿಗೆ ಹೋಗುವ ಕೇಬಲ್ಲನ್ನೋ ಅದರ ಬುಶ್‌ಗಳನ್ನೋ ಸಂಶಯಿಸಬೇಕು. ಎಂಜಿನ್ ಆರಿದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ತಕರಾರು ಮಾಡಿದರೆ ಕ್ಲಚ್ ಬಿಡುತ್ತಿಲ್ಲ ಎಂಬ ಗುಮಾನಿ ಬಲವಾಗುತ್ತದೆ.

ಅದನ್ನು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರೇ ಸಾಕು. ಬಹುಪಾಲು ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರುವುದಿಲ್ಲ. ಆದ್ದರಿಂದ ಕ್ಲಚ್ ಒತ್ತಿದೊಡನೆ ಹಾಕಿದರೆ ಒಳ್ಳೆಯ ಗಾಡಿಯೂ ಒಮ್ಮೆ ಕರ್ ಎನ್ನಬಹುದು. ಎಂಜಿನ್ ಚಾಲೂ ಇಟ್ಟು ಕ್ಲಚ್ಚನ್ನು ತಳದವರೆಗೆ ಒತ್ತಿ, ನಾಲ್ಕೈದು ಸೆಕೆಂಡು ಕಾದು, ಆಮೇಲೆ ಹಾಕಿ. ಅಷ್ಟರಲ್ಲಿ ಗೇರ್ ಬಾಕ್ಸಿನೊಳಗಿನ ಶಾಫ್ಟ್ ನಿಂತಿರಬೇಕು. ಆಗಲೂ ಸದ್ದು ಬಂದರೆ, ಕಾಲು ಒತ್ತಿದ್ದರೂ ಎಂಜಿನ್ ಅದನ್ನು ತಿರುಗಿಸುತ್ತಲೇ ಇದೆ ಎಂದರ್ಥ. ಅಂದಹಾಗೆ, ಪೆಡಲಿನ ಕೆಳಗೆ ದಪ್ಪನೆಯ ಮ್ಯಾಟ್ ಸಿಕ್ಕಿಕೊಂಡಿಲ್ಲವೆಂದು ಮೊದಲು ನೋಡಿಕೊಳ್ಳಿ. ನಗಬೇಡಿ, ಅದನ್ನಷ್ಟೇ ಸರಿಸಿ ಕಳುಹಿಸಿದ ಗಾಡಿಗಳೂ ಇವೆ.

ಮರುಮಾತು: ತೀರ್ಥಹಳ್ಳಿ ಕಡೆಯವ

ತಾವು ಹೇಳಿದಂತೆಯೇ ಮಾಡಿದೆ. ಎಂಜಿನ್ ಆರಿದಾಗ ಗೇರುಗಳೆಲ್ಲ ಬೆಣ್ಣೆಯಂತೆ ಬೀಳುತ್ತವೆ. ಚಾಲೂ ಮಾಡಿ ಐದು ಸೆಕೆಂಡು ಕಾದರೂ ರಿವರ್ಸ್ ಕರ್ ಎನ್ನುತ್ತದೆ. ಆದರೆ ಪೆಡಲನ್ನು ಬೇಗಬೇಗ ಮೂರು ಸಲ ತುಳಿದು ಹಾಕಿದರೆ ಸದ್ದಿಲ್ಲ. ಮ್ಯಾಟ್ ತೆಗೆದೇ ನೋಡಿದ್ದೇನೆ.

ಉತ್ತರ: ಶಿವಮೊಗ್ಗದ ಗ್ಯಾರೇಜಿನವ

ತುಳಿದು ತುಳಿದು ಸರಿಹೋಗುತ್ತದೆಂದರೆ ತಮ್ಮದು ಕೇಬಲ್ ಕ್ಲಚ್ ಅಲ್ಲ, ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್. ಅದರ ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರಿನ ಸೀಲ್ ಸೋರುತ್ತಿದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಅದೊಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಕೊಳವೆಯನ್ನು ಅದರಲ್ಲಿ ತುಸು ಮೇಲಕ್ಕೇ ಕೂರಿಸಿರುತ್ತಾರೆ, ಆಯಿಲ್ ಇಳಿದರೆ ಮೊದಲು ಕೈಕೊಡುವುದು ಕ್ಲಚ್ ಆಗಲಿ, ಬ್ರೇಕ್ ಆಗದಿರಲಿ ಎಂದು. ಮಟ್ಟ ಕೆಳಗಿದ್ದರೆ ಸೋರಿಕೆ ಸರಿಪಡಿಸುವವರೆಗೆ ಘಾಟಿ ಇಳಿಯಬೇಡಿ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅದನ್ನು ನಂಬುವವನಲ್ಲ ನಾನು.

ಉತ್ತರ: ಹೊಸನಗರದ ನಿವೃತ್ತ ಚಾಲಕ

ಗ್ಯಾರೇಜಿನವರು ಹೇಳಿದ್ದು ಸರಿಯೇ. ಆದರೂ ಸದ್ದು ಎರಡನೇ ಗೇರಿನಲ್ಲೇ ಹೆಚ್ಚು ಏಕೆ ಎಂಬುದಕ್ಕೆ ಚಾಲನೆಯ ಕಡೆಯಿಂದ ಒಂದು ಮಾತು. ಮೂರನೇ ಗೇರಿನ ಅನುಪಾತ (ಗೇರ್ ಬಾಕ್ಸಿನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ತಿರುಗಬೇಕಾದ ಸುತ್ತು) 1.3, ಎರಡನೆಯದು 1.9 ಎಂದಿಟ್ಟುಕೊಳ್ಳಿ. ಮೂರರಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡಕ್ಕೆ ಬಂದಾಗ ಸುಮಾರು 2,900 ಸುತ್ತು ತಿರುಗಬೇಕು. ಕ್ಲಚ್ ಒತ್ತಿರುವ ಆ ಕ್ಷಣದಲ್ಲಿ ಒಳಗಿನ ಶಾಫ್ಟಿನ ವೇಗವನ್ನು ಅಷ್ಟಕ್ಕೆ ಏರಿಸುವ ಹೊರೆ ಪುಟ್ಟ ಸಿಂಕ್ರೋ ರಿಂಗಿನ ಮೇಲೆ ಬೀಳುತ್ತದೆ. ಅರ್ಧಂಬರ್ಧ ಬಿಟ್ಟ ಕ್ಲಚ್ ಆ ಶಾಫ್ಟನ್ನು ಹಿಡಿದೆಳೆಯುತ್ತಿದ್ದರೆ ರಿಂಗ್ ಸೋಲುತ್ತದೆ, ಹಾಗೇ ಬಹುಕಾಲ ಓಡಿಸಿದರೆ ಸವೆದೂ ಹೋಗುತ್ತದೆ.

ಹುಲಿಕಲ್ ಘಾಟಿಯಲ್ಲಿ ಹಳೆಯ ಲಾರಿ ಓಡಿಸುವಾಗ ನಾವು ಎರಡು ಸಲ ಕ್ಲಚ್ ಒತ್ತುತ್ತಿದ್ದೆವು: ಒಮ್ಮೆ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ಎಕ್ಸಿಲರೇಟರ್, ಮತ್ತೆ ಒತ್ತಿ ಕೆಳಗಿನ ಗೇರು. ಕ್ಲಚ್ ರಿಪೇರಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಇದನ್ನು ಮಾಡಿ ನೋಡಿ. ಹೀಗೆ ಹಾಕಿದಾಗ ಸದ್ದಿಲ್ಲದೆ ಬಿದ್ದು, ಸಾಮಾನ್ಯವಾಗಿ ಹಾಕಿದಾಗ ಮಾತ್ರ ಕರ್ ಎಂದರೆ ಸಿಂಕ್ರೋ ಸವೆದಿದೆ. ಆಗ ಬಿಚ್ಚಿಸುವ ಮಾತಿಗೆ ಅರ್ಥವಿದೆ. ಇನ್ನು ಗೇರನ್ನು ತಿರುವಿನೊಳಗೆ ಹೊಕ್ಕು ಬದಲಿಸಬೇಡಿ, ಹತ್ತು ಮಾರು ಮೊದಲೇ ಎರಡಕ್ಕೆ ಬಂದಿರಿ. ಏರಿನಲ್ಲಿ ನಿಲ್ಲಬೇಕಾದಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಾಡಿಸದೆ ಹ್ಯಾಂಡ್ ಬ್ರೇಕ್ ಎಳೆಯಿರಿ.

ಮರುಮಾತು: ತೀರ್ಥಹಳ್ಳಿ ಕಡೆಯವ

ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ತಗ್ಗಿತ್ತು. ಬೇರೊಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸಿನ ಹೊರಗಡೆ ಕೂರಿಸಿರುವ ಕ್ಲಚ್ ಸಿಲಿಂಡರ್ ಒದ್ದೆಯಾಗಿದ್ದುದನ್ನು ತೋರಿಸಿದರು. ಅದನ್ನು ಬದಲಿಸಿ, ಹೊಸ ಆಯಿಲ್ ತುಂಬಿ, ಗಾಳಿ ತೆಗೆದುಕೊಟ್ಟರು. ರಿವರ್ಸ್ ಈಗ ಸದ್ದಿಲ್ಲದೆ ಬೀಳುತ್ತದೆ. ಎರಡನೇ ಗೇರು ಮಾತ್ರ ಬೆಳಗಿನ ಚಳಿಯಲ್ಲಿ ಮೊದಲ ಒಂದೆರಡು ಕಿ.ಮೀ. ತುಸು ಬಿಗಿ ಎನಿಸುತ್ತದೆ.

ಉತ್ತರ: ಶಿವಮೊಗ್ಗದ ಗ್ಯಾರೇಜಿನವ

ಚಳಿಯಲ್ಲಿ ಗೇರ್ ಆಯಿಲ್ ಮಂದವಾಗಿರುತ್ತದೆ, ಬಿಸಿಯಾದ ಮೇಲೆ ಸಡಿಲವಾದರೆ ಚಿಂತೆಯಿಲ್ಲ. ಹಿಂದಿನ ಮಾಲೀಕರು ಅದನ್ನು ಬದಲಿಸಿದ್ದಕ್ಕೆ ದಾಖಲೆ ಇಲ್ಲದಿದ್ದರೆ, ಕಾರಿನ ಪುಸ್ತಕದಲ್ಲಿ ಹೇಳಿರುವ ದರ್ಜೆಯ ಆಯಿಲನ್ನೇ ಒಮ್ಮೆ ಹೊಸದಾಗಿ ಹಾಕಿಸಿ. ಹಳೆಯದನ್ನು ಇಳಿಸುವಾಗ ಎದುರಿಗೇ ನಿಂತು ನೋಡಿ; ಸಿಂಕ್ರೋ ರಿಂಗ್ ಸವೆದ ಗುರುತಾದ ಹಿತ್ತಾಳೆ ಬಣ್ಣದ ಪುಡಿ ಅದರಲ್ಲಿ ಬಹಳವಾಗಿ ಮಿನುಗಿದರೆ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ.