ಅಸ್ತಮಾ ರೋಗಿಗಳ ಮಾತನ್ನು ಆಧಾರವಾಗಿಟ್ಟುಕೊಂಡು ಶುಶ್ರೂಷೆಯ ಕ್ರಮವನ್ನು ಬದಲಿಸಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಹೊರರೋಗಿ ವಿಭಾಗದ ನರ್ಸ್

ನಾನು ಅಸ್ತಮಾ ರೋಗಿಗಳ ಮರುತಪಾಸಣೆಯ ಕ್ಲಿನಿಕ್ ನೋಡಿಕೊಳ್ಳುತ್ತೇನೆ. ಇನ್‌ಹೇಲರ್ ಎಳೆಯುವ ಕ್ರಮವನ್ನು ಹೇಳಿಕೊಟ್ಟು, ಹಸಿರು (ಹತೋಟಿಯಲ್ಲಿದೆ), ಹಳದಿ (ಎಚ್ಚರ), ಕೆಂಪು (ತುರ್ತು) ವಲಯಗಳ ಲಿಖಿತ ಕ್ರಿಯಾಯೋಜನೆಯನ್ನು ಕೈಗೆ ಕೊಟ್ಟು ಕಳಿಸಿದವರೇ ಮತ್ತೆ ಏದುಸಿರು ಬಿಡುತ್ತ ತುರ್ತು ಚಿಕಿತ್ಸೆಗೆ ಬರುತ್ತಾರೆ. ಎಷ್ಟು ಸಲ ದಮ್ಮು ಬಂತು, ಎಷ್ಟು ಪಫ್ ತೆಗೆದುಕೊಂಡರು ಎಂಬುದನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿದೆ. ಮನೆಯಲ್ಲಿ ಹಾಗೇಕೆ ಮಾಡಿದರು ಎಂಬುದಕ್ಕೆ ಜಾಗವಿಲ್ಲ. ಸಂದರ್ಶನ, ಗುಂಪು ಚರ್ಚೆಗಳಂಥ ಗುಣಾತ್ಮಕ ಸಂಶೋಧನೆಯ ಪುರಾವೆಯನ್ನು ಬಳಸಿಕೊಂಡು ನಮ್ಮ ಕ್ರಮವನ್ನು ತಿದ್ದಿಕೊಳ್ಳಬೇಕೆಂದಿದ್ದೇವೆ. ನಾವೇ ಸಂದರ್ಶನ ಮಾಡಬೇಕೋ, ಪ್ರಕಟವಾಗಿರುವ ಅಧ್ಯಯನಗಳು ಸಾಕೋ ಎಂಬುದು ತೀರ್ಮಾನವಾಗಿಲ್ಲ. ಕ್ಲಿನಿಕ್‌ನಲ್ಲಿರುವವರು ಇಬ್ಬರೇ ನರ್ಸ್‌ಗಳು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಶ್ವಾಸಕೋಶ ವಾರ್ಡಿನ ಹಿರಿಯ ನರ್ಸ್

ನಾವು ಸಂದರ್ಶನಗಳನ್ನು ನಾವೇ ಮಾಡಿದೆವು, ಮುಂದೆ ಅವಕಾಶ ಸಿಕ್ಕರೂ ಹಾಗೆಯೇ ಮಾಡುತ್ತೇನೆ. ಅದಕ್ಕೆ ಹಿಡಿಯುವ ಸಮಯವನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಒಪ್ಪಿಗೆ ಪತ್ರದ ಭಾಷೆ ರೋಗಿಗಳಿಗೆ ತಿಳಿಯುವಂತಿಲ್ಲ ಎಂದು ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಿಂದ ಅರ್ಜಿ ಹಿಂದಕ್ಕೆ ಬಂತು. ಅದನ್ನು ಸರಳಗೊಳಿಸಿ ಕಳಿಸಿದರೆ, ಧ್ವನಿಮುದ್ರಿಕೆಯನ್ನು ಎಲ್ಲಿಡುತ್ತೀರಿ, ಯಾರ ಕೈಗೆ ಸಿಗುತ್ತದೆ, ಯಾವಾಗ ಅಳಿಸುತ್ತೀರಿ ಎಂದು ಕೇಳಿ ಮತ್ತೆ ಕಳಿಸಿದರು. ಒಂದು ಗಂಟೆಯ ಮಾತನ್ನು ಇದ್ದದ್ದು ಇದ್ದಂತೆ ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ದಮ್ಮು ಇರುವವರ ಮಾತಿನಲ್ಲಿ ಕೆಮ್ಮು, ನಿಲುಗಡೆ, ಅರ್ಧಕ್ಕೆ ನಿಂತ ವಾಕ್ಯಗಳು ಹೆಚ್ಚಿರುವುದರಿಂದ ಇನ್ನೂ ಹೆಚ್ಚೇ ಹಿಡಿಯುತ್ತದೆ. ವಾರ್ಡಿನಲ್ಲಿ ಮುದ್ರಿಸಿದವುಗಳಲ್ಲಿ ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರದ ಸದ್ದಿನ ನಡುವೆ ಮಾತೇ ಕೇಳಿಸದೆ ಕೆಲವನ್ನು ಕೈಬಿಡಬೇಕಾಯಿತು. ಇಬ್ಬರು ಬೇರೆಬೇರೆಯಾಗಿ ಕುಳಿತು ಕೋಡಿಂಗ್ ಮಾಡಿ (ಮಾತಿನ ತುಣುಕುಗಳಿಗೆ ವಿಷಯದ ಹೆಸರು ಕೊಟ್ಟು ಗುರುತಿಸಿ), ಆಮೇಲೆ ಹೋಲಿಸಿ ನೋಡುವುದೆಂದು ಗೊತ್ತುಮಾಡಿಕೊಂಡಿದ್ದೆವು. ರಾತ್ರಿ ಪಾಳಿ ಮುಗಿಸಿದ ಮೇಲೆ ಆ ಕೆಲಸ. ಡ್ಯೂಟಿಯಲ್ಲಿ ಒಂದು ಗಂಟೆಯ ವಿನಾಯಿತಿಯನ್ನೂ ಕೊಡಲಿಲ್ಲ.

ಆದರೆ ಸಿಕ್ಕಿದ್ದನ್ನು ನೋಡಿ. ಒಬ್ಬರು ತಂದ ಪೀಕ್ ಫ್ಲೋ (ಜೋರಾಗಿ ಊದಿದಾಗ ಉಸಿರು ಹೊರಡುವ ವೇಗ) ದಿನಚರಿಯಲ್ಲಿ ಇಡೀ ತಿಂಗಳ ಅಂಕಿಗಳು ಒಂದೇ ಪೆನ್ನಿನ ಶಾಯಿಯಲ್ಲಿ, ಒಂದೇ ವಾಲಿಕೆಯಲ್ಲಿ, ಒಂದಕ್ಕೊಂದು ಹತ್ತಿರ ಹತ್ತಿರದ ಸಂಖ್ಯೆಗಳಾಗಿ ಇದ್ದವು. ಹಾಳೆಯ ಮೇಲೆ ಎಲ್ಲವೂ ಹಸಿರು ವಲಯ. ನಿಧಾನವಾಗಿ ಕೇಳಿದಾಗ, ಕಾಯುವ ಬೆಂಚಿನ ಮೇಲೆ ಕುಳಿತು ಬರೆದೆ, ಖಾಲಿ ಹಾಳೆ ತಂದರೆ ನೀವು ಬೈಯುತ್ತೀರಿ ಎಂದರು. ಇನ್ನೊಬ್ಬರು ನಿತ್ಯದ ಸ್ಟೀರಾಯ್ಡ್ ಇನ್‌ಹೇಲರ್ ಎಳೆದರೆ ಏನೂ ಅನ್ನಿಸುವುದಿಲ್ಲ, ತುರ್ತಿನದನ್ನು ಎಳೆದರೆ ಕೆಲವೇ ನಿಮಿಷಗಳಲ್ಲಿ ಎದೆ ಬಿಡುತ್ತದೆ, ಹಾಗಾದರೆ ಔಷಧ ಇರುವುದು ಯಾವುದರಲ್ಲಿ ಎಂದು ನನ್ನನ್ನೇ ಕೇಳಿದರು. ನಿತ್ಯದ ಔಷಧದ ಪೂರ್ಣ ಪರಿಣಾಮ ಕಾಣಲು ವಾರಗಳು ಬೇಕು ಎಂದು ನಮ್ಮ ಕರಪತ್ರದಲ್ಲಿ ಅಚ್ಚಾಗಿತ್ತು. ಅವರು ಮಾತ್ರ ತಮ್ಮ ಎದೆಯ ಸಾಕ್ಷ್ಯವನ್ನೇ ನಂಬಿದ್ದರು. ಅಂದಿನಿಂದ ನಮ್ಮ ವಾರ್ಡಿನಲ್ಲಿ ‘ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳುವುದನ್ನು ನಿಲ್ಲಿಸಿದೆವು. ‘ಕಳೆದ ವಾರ ಯಾವ ಯಾವ ದಿನ ಬಿಟ್ಟುಹೋಯಿತು, ಆ ದಿನ ಮನೆಯಲ್ಲಿ ಏನು ನಡೆದಿತ್ತು’ ಎಂದು ಕೇಳುತ್ತೇವೆ.

ಉತ್ತರ: ಚಿಕ್ಕಂದಿನಿಂದ ಅಸ್ತಮಾ ಇರುವವರು

ಸಿಸ್ಟರ್, ನೀವು ಕೇಳಿದ್ದನ್ನು ಓದಿ ಸಂತೋಷವಾಯಿತು, ಆದರೆ ನನ್ನ ಅನುಭವ ಬೇರೆ. ಒಂದು ಆಸ್ಪತ್ರೆಯಲ್ಲಿ ನನ್ನನ್ನು ಇಂಥದೇ ಸಂದರ್ಶನಕ್ಕೆ ಕೂರಿಸಿದರು. ಸ್ಟೀರಾಯ್ಡ್ ಬಗ್ಗೆ ನನಗಿರುವ ಭಯವನ್ನು ಮನೆಯವರಿಗೂ ಹೇಳಿರಲಿಲ್ಲ, ಅಲ್ಲಿ ಹೇಳಿದೆ. ನಿತ್ಯದ ಇನ್‌ಹೇಲರ್ ಶುರುವಾದ ಮೇಲೆ ನನ್ನ ದನಿ ಒಡೆಯಿತು. ನಾನು ತರಗತಿಯಲ್ಲಿ ಪಾಠ ಮಾಡುವವಳು. ಮಧ್ಯಾಹ್ನದ ಹೊತ್ತಿಗೆ ಗಂಟಲಿನಿಂದ ಬರೀ ಗಾಳಿ ಹೊರಡುತ್ತಿತ್ತು. ಆಮೇಲೆ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು, ಊಟದ ರುಚಿ ಹೋಯಿತು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಹಾಕಿಕೊಂಡರೆ ಗಂಟಲಲ್ಲಿ ಔಷಧ ಕೂರುವುದು ಕಡಿಮೆಯಾಗುತ್ತದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ಬಿಟ್ಟೆ. ನನ್ನ ಕಡತದಲ್ಲಿ ಬರೆದದ್ದು ‘ಔಷಧವನ್ನು ನಿಯಮಿತವಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದು, ಅಷ್ಟೇ. ಸಂದರ್ಶನ ಮಾಡಿದವರು ಎಲ್ಲವನ್ನೂ ಮುದ್ರಿಸಿಕೊಂಡು ಧನ್ಯವಾದ ಹೇಳಿ ಹೋದರು. ಅದರಿಂದ ಏನು ಕಂಡುಕೊಂಡರು, ಏನು ಬದಲಾಯಿತು ಎಂದು ತಿಳಿಸಲು ಒಬ್ಬರೂ ಬರಲಿಲ್ಲ. ಮುಂದಿನ ತಪಾಸಣೆಯಲ್ಲಿ ಅದೇ ನಮೂನೆ, ಅವೇ ಪ್ರಶ್ನೆಗಳು.

ಉತ್ತರ: ತುರ್ತು ಚಿಕಿತ್ಸಾ ಘಟಕದ ವೈದ್ಯ

ನಾನು ಇದನ್ನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಬೆರಳೆಣಿಕೆಯ ರೋಗಿಗಳ ಮಾತಿನಿಂದ ಆರೈಕೆಯ ಕ್ರಮವನ್ನು ಬದಲಿಸುವುದು ಅಪಾಯಕಾರಿ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ಹೊರತರುವ ಜಿನಾ 2019ರಲ್ಲಿ, ಅಲ್ಪಾವಧಿಗೆ ಶ್ವಾಸನಾಳ ಹಿಗ್ಗಿಸುವ ತುರ್ತಿನ ಔಷಧವೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ವಯಸ್ಕರಿಗೂ ಹದಿಹರೆಯದವರಿಗೂ ಶಿಫಾರಸು ಮಾಡುವುದನ್ನು ನಿಲ್ಲಿಸಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ತುರ್ತಿನ ಇನ್‌ಹೇಲರ್ ಖಾಲಿಮಾಡುವವರಲ್ಲಿ ರೋಗ ಉಲ್ಬಣಿಸುವ ಅಪಾಯ ಹೆಚ್ಚು, ಹನ್ನೆರಡು ದಾಟಿದರೆ ಸಾವಿನ ಅಪಾಯವೇ ಹೆಚ್ಚು ಎಂದು ತಿಳಿದದ್ದು ಯಾರ ಮನದಾಳದ ಮಾತಿನಿಂದಲೂ ಅಲ್ಲ, ಸಾವಿರಾರು ಜನರ ದಾಖಲೆಗಳಿಂದ. ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ವೈಯಕ್ತಿಕ ಕ್ರಿಯಾಯೋಜನೆ ಸಿಕ್ಕಿದ್ದವರು ಶೇಕಡ 23 ಮಾತ್ರ. ಕೊಡಬೇಕಾದ್ದನ್ನು ಕೊಟ್ಟರೆ ಸಾಕಷ್ಟು ಜೀವ ಉಳಿಯುತ್ತದೆ. ನನ್ನ ಘಟಕದಲ್ಲಿ ತುಟಿ ನೀಲಿಗಟ್ಟಿ ಬಂದು, ವಾಕ್ಯ ಪೂರ್ತಿ ಮಾಡಲಾಗದೆ, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಉಬ್ಬಸದ ಸದ್ದೂ ಕೇಳಿಸದ ಸ್ಥಿತಿಯಲ್ಲಿ ಮಲಗಿದವರನ್ನು ನೋಡಿದವನು ನಾನು. ಆ ಸದ್ದಿಲ್ಲದ ಎದೆಗೆ ಸಂದರ್ಶನ ಕೆಲಸಕ್ಕೆ ಬರುವುದಿಲ್ಲ.

ಉತ್ತರ: ಶ್ವಾಸಕೋಶ ವಾರ್ಡಿನ ಹಿರಿಯ ನರ್ಸ್

ಡಾಕ್ಟರೇ, ಆ ಸ್ಥಿತಿಗೆ ಬಂದವರ ಮುಖಕ್ಕೆ ನೆಬ್ಯುಲೈಸರ್ ಹಚ್ಚಿ, ರಾತ್ರಿಯಿಡೀ ಪಕ್ಕದಲ್ಲಿ ನಿಂತು ಉಸಿರು ಎಣಿಸುವವರು ನಾವು. ತುರ್ತಿನಲ್ಲಿ ಸಂದರ್ಶನ ಮಾಡಿ ಎಂದು ಇಲ್ಲಿ ಯಾರು ಹೇಳಿದ್ದಾರೆ? ಕ್ರಿಯಾಯೋಜನೆ ಕೊಟ್ಟರೆ ಸಾಕು ಎಂಬ ನಿಮ್ಮ ಮಾತನ್ನೇ ನಾನು ಪ್ರಶ್ನಿಸುತ್ತೇನೆ. ನಮ್ಮಲ್ಲಿ ಎಲ್ಲರಿಗೂ ಕೊಟ್ಟಿದ್ದೆವು. ಹಳದಿ ವಲಯದಲ್ಲಿ ಏನು ಮಾಡಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು; ತಮ್ಮ ಮಾಮೂಲಿ ದಮ್ಮು ಎಲ್ಲಿಗೆ ಮುಗಿದು ಹಳದಿ ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿರಲಿಲ್ಲ. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುವುದನ್ನು ಅವರು ರೋಗಲಕ್ಷಣವೆಂದೇ ಎಣಿಸುತ್ತಿರಲಿಲ್ಲ, ವರ್ಷಗಳಿಂದ ಹಾಗೆಯೇ ಮಲಗುತ್ತಿದ್ದರು. ಯೋಜನೆಯ ಹಾಳೆಯಲ್ಲಿ ಈಗ ಅವರವರದೇ ಲಕ್ಷಣಗಳನ್ನು ಅವರವರ ಮಾತಿನಲ್ಲೇ ಬರೆಯುತ್ತೇವೆ. ಇದನ್ನು ಯಾವ ಅಂಕಿಅಂಶವೂ ನಮಗೆ ಹೇಳಲಿಲ್ಲ.

ಉತ್ತರ: ತುರ್ತು ಚಿಕಿತ್ಸಾ ಘಟಕದ ವೈದ್ಯ

ಬದಲಿಸಿದ ಮೇಲೆ ಆಸ್ಪತ್ರೆಯ ದಾಖಲಾತಿ ಇಳಿಯಿತೇ? ಆ ಒಂದು ಸಂಖ್ಯೆಯನ್ನು ಹೇಳಿ. ಲಕ್ಷಣವಿಲ್ಲದಿದ್ದರೆ ರೋಗವೇ ಇಲ್ಲ ಎಂದು ರೋಗಿಗಳು ನಂಬುತ್ತಾರೆ ಎಂಬುದನ್ನು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎಣಿಕೆಯಿಂದಲೇ ತೋರಿಸಿದೆ. ಆಸ್ಪತ್ರೆಗೆ ದಾಖಲಾದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆ ನಂಬಿದ್ದರು. ನಿಮ್ಮ ಹಾಗೆ ರಾತ್ರಿಗಳನ್ನು ಸವೆಸದೆ ಆ ಸಂಗತಿಯನ್ನು ನಾನು ಓದಿ ತಿಳಿದುಕೊಂಡೆ.

ಉತ್ತರ: ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ

ಇಬ್ಬರೂ ಸ್ವಲ್ಪ ತಾಳಿ. ನಾನು ಸ್ವಂತ ಸಂದರ್ಶನದ ದಾರಿ ಬಿಟ್ಟು, ಪ್ರಕಟವಾದ ಗುಣಾತ್ಮಕ ಅಧ್ಯಯನಗಳನ್ನು ಒಟ್ಟುಗೂಡಿಸುವ ದಾರಿ ಹಿಡಿದೆ. ಇಂಥ ಅಧ್ಯಯನಗಳು ಹೊಸವಲ್ಲ. 1997ರಲ್ಲಿ ವೇಲ್ಸ್‌ನಿಂದ ಬಂದ ಅಧ್ಯಯನವೊಂದು ಅಸ್ತಮಾ ಇರುವವರ ಮಾತುಗಳನ್ನು ಕೇಳಿ, ಕೆಲವರು ತಮಗೆ ಅಸ್ತಮಾ ಇದೆ ಎಂಬುದನ್ನೇ ಒಪ್ಪದೆ ನಿತ್ಯದ ಔಷಧವನ್ನು ದೂರವಿಡುತ್ತಾರೆ, ಇನ್ನು ಕೆಲವರು ಅದನ್ನು ಬದುಕಿನ ಭಾಗವಾಗಿ ಒಪ್ಪಿಕೊಂಡು ಎಲ್ಲರೆದುರೂ ಬಳಸುತ್ತಾರೆ, ಮತ್ತೆ ಕೆಲವರು ತಮಗೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಳ್ಳುತ್ತಾರೆ ಎಂದು ಗುರುತಿಸಿತು. ಮೊದಲ ಗುಂಪಿನವರಿಗೆ ಇನ್‌ಹೇಲರ್ ಹಿಡಿಯುವ ಭಂಗಿಯನ್ನು ಎಷ್ಟು ಚೆನ್ನಾಗಿ ಕಲಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಕೈಯಲ್ಲಿ ಹಿಡಿದರೆ ತಾವು ರೋಗಿಗಳಾದೆವು ಎಂಬುದೇ ಅವರ ಸಂಕಟ. ಬರೀ ಮಾಹಿತಿ ಕೊಟ್ಟು ಕಳಿಸುವ ಶಿಕ್ಷಣದಿಂದ ವಯಸ್ಕರ ದಾಖಲಾತಿ ಕಡಿಮೆಯಾಗುವುದಿಲ್ಲ, ಸ್ವಯಂ ನಿಗಾ, ನಿಯಮಿತ ತಪಾಸಣೆ ಮತ್ತು ಲಿಖಿತ ಯೋಜನೆ ಮೂರೂ ಸೇರಿದಾಗ ಕಡಿಮೆಯಾಗುತ್ತದೆ ಎಂದು ಒಂದು ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಪರಾಮರ್ಶೆಗಳು ಬಹಳ ಹಿಂದೆಯೇ ತೋರಿಸಿವೆ. ಅದು ಎಣಿಕೆಯ ಪುರಾವೆ, ಡಾಕ್ಟರೇ. ಮಾಹಿತಿ ಏಕೆ ಸಾಲುವುದಿಲ್ಲ ಎಂಬುದನ್ನು ತಿಳಿಯಲು ವೇಲ್ಸ್‌ನಂಥ ಅಧ್ಯಯನವೇ ಬೇಕು.

ನನಗೆ ತಗುಲಿದ ವೆಚ್ಚ ಬೇರೆ ಬಗೆಯದು. ಹಣ ಕಟ್ಟದೆ ಪೂರ್ತಿ ಓದಲು ಸಿಗುವ ಲೇಖನಗಳು ಕಡಿಮೆ. ಹುಡುಕಿದಾಗ ರಾಶಿ ರಾಶಿ ಶೀರ್ಷಿಕೆಗಳು ಬರುತ್ತವೆ. ಜರಡಿ ಹಿಡಿದರೆ ಉಳಿಯುವುದು ಹಿಡಿಯಷ್ಟು. ಅವುಗಳಲ್ಲಿ ರೋಗಿಯ ಮಾತನ್ನು ಒಂದೂ ಉಲ್ಲೇಖಿಸದೆ ಬರೀ ವಿಷಯಗಳ ಪಟ್ಟಿ ಕೊಟ್ಟವು ಹಲವು. ಒಂದೊಂದು ನಿರ್ಣಯದ ಮೇಲೂ ಎಷ್ಟು ಭರವಸೆ ಇಡಬಹುದೆಂದು ತೂಗಿ ನೋಡಲು ಸರ್ಕ್ವಾಲ್ ಎಂಬ ವಿಧಾನವಿದೆ, ಅದನ್ನು ಕಲಿಯಲು ಕುಳಿತೇ ಕಲಿಯಬೇಕು. ಇಷ್ಟಾಗಿಯೂ ಇಬ್ಬರೇ ನರ್ಸ್‌ಗಳಿರುವ ಕ್ಲಿನಿಕ್‌ಗೆ ಇದೇ ದಾರಿ ಎಂದು ನಾನು ದೃಢವಾಗಿ ಹೇಳುತ್ತೇನೆ. ಸಂದರ್ಶನ ಮಾಡುವವರೇ ಮರುದಿನ ಔಷಧ ಕೊಡುವ ನರ್ಸ್ ಆಗಿದ್ದರೆ ರೋಗಿ ಮನಬಿಚ್ಚಿ ಮಾತಾಡುವುದು ಕಷ್ಟ.

ಉತ್ತರ: ಶ್ವಾಸಕೋಶ ವಾರ್ಡಿನ ಹಿರಿಯ ನರ್ಸ್

ಮೇಡಂ, ಸುಳ್ಳು ದಿನಚರಿಯ ಸಂಗತಿಯನ್ನು ಆ ರೋಗಿ ಹೇಳಿದ್ದು ಮರುದಿನ ಔಷಧ ಕೊಡಬೇಕಾದ ನರ್ಸ್‌ಗೇ. ಪುಸ್ತಕದಲ್ಲಿ ಹಾಗಿರಬಹುದು. ವಾರ್ಡಿನಲ್ಲಿ ನಂಬಿಕೆ ಬೆಳೆಯುವುದು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದವರ ಮೇಲೆ.

ಉತ್ತರ: ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ

ಹೇಳಿದವರು ಹೇಳಿದರು, ಸಿಸ್ಟರ್. ನಿಮಗೆ ಹೇಳದೆ ಉಳಿದವರ ಮಾತು ನಿಮ್ಮ ಮುದ್ರಿಕೆಯಲ್ಲಿ ಇರಲು ಸಾಧ್ಯವಿಲ್ಲ. ನಾನೂ ವಾರ್ಡಿನಲ್ಲಿ ದುಡಿದು ಬಂದವಳೇ, ಪುಸ್ತಕ ನೋಡಿ ಮಾತಾಡುತ್ತಿದ್ದೇನೆ ಎಂದು ತಿಳಿಯಬೇಡಿ.

ಉತ್ತರ: ಅಸ್ತಮಾ ಇರುವ ಮಗುವಿನ ತಾಯಿ

ಇಷ್ಟೆಲ್ಲ ಚರ್ಚೆಯಲ್ಲಿ ಮಕ್ಕಳ ಮಾತೇ ಇಲ್ಲ. ನನ್ನ ಮಗನಿಗೆ ಒತ್ತಿ ಎಳೆಯುವ ಇನ್‌ಹೇಲರ್ ಒಂದು, ಪುಡಿಯ ಇನ್‌ಹೇಲರ್ ಒಂದು ಕೊಟ್ಟಿದ್ದರು. ಮೊದಲನೆಯದನ್ನು ನಿಧಾನವಾಗಿ ಆಳವಾಗಿ ಎಳೆದು ಹತ್ತು ಸೆಕೆಂಡು ಉಸಿರು ಹಿಡಿಯಬೇಕು, ಎರಡನೆಯದನ್ನು ಜೋರಾಗಿ ರಭಸದಿಂದ ಎಳೆಯಬೇಕು. ಮಗು ಎರಡನ್ನೂ ಒಂದೇ ರೀತಿ ಎಳೆಯುತ್ತಿತ್ತು. ಒತ್ತುವ ಡಬ್ಬಿಗೆ ಎಣಿಕೆಯ ಕಿಟಕಿ ಇರಲಿಲ್ಲ, ಔಷಧ ಮುಗಿದ ಮೇಲೂ ಒತ್ತಿದರೆ ಬರೀ ಅನಿಲದ ಸಿಂಪಡಣೆ ಬರುತ್ತಲೇ ಇತ್ತು. ನೀರಿನಲ್ಲಿ ತೇಲಿಸಿ ನೋಡಿ ಎಂದು ಪರಿಚಯದವರು ಹೇಳಿದ್ದರು, ಅದನ್ನು ನೆಚ್ಚುವಂತಿಲ್ಲ ಎಂದು ಆಮೇಲೆ ಔಷಧದಂಗಡಿಯವರಿಂದ ತಿಳಿಯಿತು. ಸ್ಪೇಸರನ್ನು ತೊಳೆದು ಬಟ್ಟೆಯಿಂದ ಉಜ್ಜಿ ಒರೆಸುತ್ತಿದ್ದ ಅಜ್ಜಿಗೆ, ಹಾಗೆ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ, ಸೋಪಿನ ನೀರಿನಲ್ಲಿ ಅದ್ದಿ ತಾನಾಗಿ ಆರಲು ಬಿಡಬೇಕು ಎಂದು ನಾನೇ ಹೇಳಬೇಕಾಯಿತು. ಮಗುವಿನ ಇನ್‌ಹೇಲರ್ ಶಾಲೆಯಲ್ಲಿ ಕಚೇರಿಯ ಕಪಾಟಿನೊಳಗೆ ಬೀಗದಲ್ಲಿತ್ತು. ಆಟದ ಅವಧಿಯಲ್ಲಿ ಎದೆ ಹಿಡಿದರೂ ಕೇಳಲು ನಾಚಿಕೊಂಡು ಅವನು ಮೂಲೆಯಲ್ಲಿ ಕುಳಿತುಬಿಡುತ್ತಿದ್ದನಂತೆ. ಇದನ್ನು ಅವನು ಹೇಳಿದ್ದು ಒಬ್ಬ ನರ್ಸ್ ಅವನಿಂದ ಶಾಲೆಯ ಚಿತ್ರ ಬರೆಸಿ, ಎಲ್ಲೆಲ್ಲಿ ದಮ್ಮು ಬರುತ್ತದೆ ತೋರಿಸು ಎಂದಾಗ. ಇದಕ್ಕೆ ನೈತಿಕ ಸಮಿತಿಯೂ ಬೇಕಾಗಲಿಲ್ಲ, ಸರ್ಕ್ವಾಲ್ ಕೂಡ ಬೇಕಾಗಲಿಲ್ಲ.

ಉತ್ತರ: ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ

ತಾಯಿಯವರೇ, ಆ ನರ್ಸ್ ಮಾಡಿದ್ದು ಒಳ್ಳೆಯ ಶುಶ್ರೂಷೆ. ಒಬ್ಬ ಮಗುವಿನ ಚಿತ್ರದಿಂದ ಎಲ್ಲ ಮಕ್ಕಳ ಕ್ರಮವನ್ನು ಬದಲಿಸಲು ಹೊರಟಾಗ ಮಾತ್ರ ಅದು ಸಂಶೋಧನೆಯಾಗಬೇಕು, ಆಗ ಒಪ್ಪಿಗೆ ಬೇಕೇ ಬೇಕು.

ಉತ್ತರ: ತುರ್ತು ಚಿಕಿತ್ಸಾ ಘಟಕದ ವೈದ್ಯ

ಬೀಗದ ಕಪಾಟಿನ ವಿಷಯವನ್ನು ನಾನೂ ಒಪ್ಪುತ್ತೇನೆ, ಅದು ಕೈಗೆಟಕುವಂತಿರಬೇಕು. ಆದರೆ ಮಗು ಚಿತ್ರದಲ್ಲಿ ತೋರಿಸಿದ್ದನ್ನು ಪೀಕ್ ಫ್ಲೋ ಮೀಟರ್‌ನಿಂದ ಅಳೆದರೇ? ಅವನ ಅತ್ಯುತ್ತಮ ಅಳತೆಯ ಶೇಕಡ 80ಕ್ಕಿಂತ ಕೆಳಗಿಳಿದರೆ ಹಳದಿ, 50ಕ್ಕಿಂತ ಕೆಳಗಾದರೆ ಕೆಂಪು. ನಾಚಿಕೆಯಿಂದ ಸುಮ್ಮನಿರುವ ಮಗುವಿನ ವಿಷಯದಲ್ಲಿ ಮೀಟರ್ ಸುಮ್ಮನಿರುವುದಿಲ್ಲ.

ಉತ್ತರ: ಚಿಕ್ಕಂದಿನಿಂದ ಅಸ್ತಮಾ ಇರುವವರು

ಡಾಕ್ಟರೇ, ಮೀಟರ್ ಸುಮ್ಮನಿರುವುದಿಲ್ಲ ನಿಜ, ಊದಿದರೆ ಮಾತ್ರ. ಮೇಲೆ ಸಿಸ್ಟರ್ ಹೇಳಿದ ದಿನಚರಿಯ ಹಾಳೆಯಲ್ಲಿ ಇದ್ದದ್ದೂ ಅಂಕಿಗಳೇ ಅಲ್ಲವೇ? ನನ್ನ ಕಡತದಲ್ಲೂ ಅಂಕಿಗಳಿದ್ದವು, ನನ್ನ ದನಿ ಒಡೆದ ಸಂಗತಿ ಇರಲಿಲ್ಲ. ಇನ್ನು ಪ್ರಶ್ನೆ ಕೇಳಿದ ಸಿಸ್ಟರ್‌ಗೆ ಒಂದು ಮಾತು. ಸಂದರ್ಶನವೋ ಓದಿದ ಅಧ್ಯಯನವೋ, ಯಾವುದನ್ನು ಹಿಡಿದರೂ, ಏನು ಕಂಡುಕೊಂಡಿರಿ ಮತ್ತು ಅದರಿಂದ ನಮೂನೆಯ ಯಾವ ಪ್ರಶ್ನೆ ಬದಲಾಯಿತು ಎಂಬುದನ್ನು ನಿಮ್ಮ ರೋಗಿಗಳಿಗೆ ಒಂದು ಪುಟದಲ್ಲಿ ಬರೆದುಕೊಡಿ. ನನಗೆ ಆ ಪುಟ ಇಂದಿಗೂ ಬಂದಿಲ್ಲ.

ಉತ್ತರ: ಶ್ವಾಸಕೋಶ ವಾರ್ಡಿನ ಹಿರಿಯ ನರ್ಸ್

ಅದನ್ನು ನಾವು ಕೊಟ್ಟೆವು. ಓದಲು ಬಾರದವರಿಗೆ ಓದಿ ಹೇಳಿದೆವು, ಅದಕ್ಕೂ ಸಮಯ ಹಿಡಿಯಿತು. ದಾಖಲಾತಿಯ ಸಂಖ್ಯೆ ಕೇಳಿದ ಡಾಕ್ಟರರಿಗೆ: ಎಣಿಸುವ ಕೆಲಸವನ್ನು ಈಗ ಶುರುಮಾಡಿದ್ದೇವೆ, ಬಂದಾಗ ಇಲ್ಲೇ ಬರೆಯುತ್ತೇನೆ. ಏರಿದ್ದರೂ ಬರೆಯುತ್ತೇನೆ.